ಸ್ಪೆಷಲ್ ವಾರ್ಡಿಗೆ ನಾವು ಹೋಗುವುದಿಲ್ಲ

ನಮ್ಮ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ನಿಯಮವಿದೆ. ಅದನ್ನು ಎಲ್ಲೂ ಬರೆದು ಅಂಟಿಸಿಲ್ಲ, ಯಾರೂ ಕರೆದು ಹೇಳಿಲ್ಲ. ಆದರೂ ಎರಡನೇ ವರ್ಷದಲ್ಲಿ ಏಪ್ರನ್ ಹಾಕಿಕೊಂಡು ವಾರ್ಡಿಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಸ್ಪೆಷಲ್ ವಾರ್ಡಿಗೆ ವಿದ್ಯಾರ್ಥಿಗಳು ಹೋಗುವುದಿಲ್ಲ. ದುಡ್ಡು ಕಟ್ಟಿ ರೂಮ್ ತೆಗೆದುಕೊಂಡವರ ಬಾಗಿಲು ಮುಚ್ಚಿರುತ್ತದೆ. ಅವರನ್ನು ನೋಡಲು ಯೂನಿಟ್ ಚೀಫ್ ಹೋಗುತ್ತಾರೆ, ಜೊತೆಗೆ ಒಬ್ಬರು ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದಿನ ಓದು ಓದುತ್ತಿರುವ ಡಾಕ್ಟರ್, ಒಬ್ಬರು ಸಿಸ್ಟರ್. ನಾವು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕಾಯುತ್ತೇವೆ. ಅವರು ಹೊರಗೆ ಬಂದ ಮೇಲೆ ಎಲ್ಲರೂ ಸೇರಿ ಜನರಲ್ ವಾರ್ಡಿಗೆ ಹೋಗುತ್ತೇವೆ. ಅಲ್ಲಿ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.

ಈಗ ಫೈನಲ್ ಇಯರ್‌ನಲ್ಲಿದ್ದೇನೆ. ಲಿವರ್ ದೊಡ್ಡದಾಗಿದ್ದರೆ ಅದರ ಅಂಚು ಬೆರಳಿಗೆ ಹೇಗೆ ತಾಗುತ್ತದೆ ಅಂತ ನನಗೆ ಗೊತ್ತು. ಶ್ವಾಸಕೋಶದ ಸುತ್ತ ನೀರು ತುಂಬಿದವರ ಬೆನ್ನ ಮೇಲೆ ಬೆರಳಿಟ್ಟು ಬಡಿದರೆ ಎಂಥ ಮಂಕು ಸದ್ದು ಬರುತ್ತದೆ, ರಕ್ತ ಕಡಿಮೆ ಇರುವವರ ಕಣ್ಣಿನ ಕೆಳರೆಪ್ಪೆ ಎಷ್ಟು ಬಿಳಿಚಿಕೊಂಡಿರುತ್ತದೆ, ಹೃದಯ ಸೋತವರ ಕಾಲನ್ನು ಒತ್ತಿದರೆ ಗುಳಿ ಎಷ್ಟು ಹೊತ್ತು ಹಾಗೇ ನಿಲ್ಲುತ್ತದೆ, ಅದೂ ಗೊತ್ತು. ಇದರಲ್ಲಿ ಒಂದನ್ನೂ ನಾನು ದುಡ್ಡು ಕಟ್ಟಿದವರ ಮೈಮೇಲೆ ಕಲಿತಿಲ್ಲ. ಕೂಲಿಯವರು, ಬಿಪಿಎಲ್ ಕಾರ್ಡಿನವರು, ಬೆಳಗಿನ ಮೊದಲ ಬಸ್ಸಿಗೆ ಬಂದು ಓಪಿಡಿ ಚೀಟಿಗೆ ಸಾಲಿನಲ್ಲಿ ನಿಂತವರು ಕಲಿಸಿದ್ದಾರೆ. ನಾಳೆ ಡಿಗ್ರಿ ಸಿಕ್ಕ ಮೇಲೆ ನಮ್ಮಲ್ಲಿ ಎಷ್ಟೋ ಜನ ದೊಡ್ಡ ಊರಿನ ಪ್ರೈವೇಟ್ ಆಸ್ಪತ್ರೆ ಸೇರುತ್ತೇವೆ. ಆಗ ಈ ಬೆರಳು, ಈ ಕಿವಿ ಬಳಕೆಯಾಗುವುದು ಬೇರೆಯವರಿಗೆ. ಕಲಿಸಿದವರು ಯಾರು, ಉಪಯೋಗ ಯಾರಿಗೆ ಎನ್ನುವ ಈ ಲೆಕ್ಕ ಕೆಲವು ತಿಂಗಳಿಂದ ನನ್ನ ತಲೆಯಿಂದ ಹೋಗುತ್ತಿಲ್ಲ.

ಮೊದಲ ವರ್ಷದ ಟೇಬಲ್

ನಿಜ ಹೇಳಬೇಕೆಂದರೆ ಈ ಲೆಕ್ಕ ವಾರ್ಡಿಗೂ ಮುಂಚೆಯೇ ಶುರುವಾಗುತ್ತದೆ. ಮೊದಲ ವರ್ಷ, ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರು. ಈ ದೇಹವನ್ನು ಗೌರವದಿಂದ ಕಾಣುತ್ತೇವೆ, ಇವರೇ ನಮ್ಮ ಮೊದಲ ಗುರು ಅಂತ ಹೇಳಿದೆವು. ನಮ್ಮ ಟೇಬಲ್ಲಿನ ಮೇಲಿದ್ದವರು ಐವತ್ತರ ಆಸುಪಾಸಿನ ಗಂಡಸು. ಹಿಮ್ಮಡಿ ಒಡೆದಿತ್ತು. ಅಂಗೈ ಜಡ್ಡುಗಟ್ಟಿತ್ತು. ಜೀವಮಾನವೆಲ್ಲ ದುಡಿದ ಕೈ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಕರ್ನಾಟಕದಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರು ಬಾರದ ಶವಗಳನ್ನು ಮೆಡಿಕಲ್ ಕಾಲೇಜಿಗೆ ಕೊಡಲು ದಾರಿ ಮಾಡಿಕೊಟ್ಟ ಕಾನೂನು ಅದು. ವಾರಸುದಾರರು ಇಲ್ಲದೆ ಸಾಯುವವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಹಾಗಂತ ಎಲ್ಲವೂ ಹೀಗೇ ಬಂದ ದೇಹಗಳಲ್ಲ. ನಮ್ಮಲ್ಲಿ ದೇಹದಾನ ಮಾಡಿದವರೂ ಇದ್ದಾರೆ. ಬೈಲಹೊಂಗಲದ ಡಾ. ಬಿ.ಎಸ್. ರಾಮಣ್ಣವರ ತಾವು ಸತ್ತ ಮೇಲೆ ತಮ್ಮ ದೇಹವನ್ನು ಸ್ವಂತ ಮಗನೇ ಡಿಸೆಕ್ಷನ್ ಮಾಡಿ ವಿದ್ಯಾರ್ಥಿಗಳಿಗೆ ತೋರಿಸಬೇಕು ಅಂತ ಬಯಸಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ಮಗ ಡಾ. ಮಹಾಂತೇಶ ರಾಮಣ್ಣವರ ಅದನ್ನು ಮಾಡಿದರು. ಅಪ್ಪನ ಎದೆಯ ಮೇಲೆ ಚಾಕು ಇಡುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು, ಅದನ್ನು ಮಗನಿಂದ ಕೇಳುವುದಕ್ಕೆ ಇನ್ನೆಷ್ಟು ಗಟ್ಟಿ ಮನಸ್ಸು ಬೇಕು ಅಂತ ಆಗಾಗ ಯೋಚಿಸುತ್ತೇನೆ. ತಾನಾಗಿ ಕೊಟ್ಟದ್ದು ಒಂದು. ಕೇಳುವವರಿಲ್ಲದೆ ನಮ್ಮ ಕೈಗೆ ಸಿಕ್ಕಿದ್ದು ಇನ್ನೊಂದು. ಜನರಲ್ ವಾರ್ಡಿನಲ್ಲಿ ಮಲಗಿರುವವರು ಇವೆರಡರ ನಡುವೆ ಎಲ್ಲೋ ಇದ್ದಾರೆ. ಅವರು ಬೇಡ ಅನ್ನುವುದಿಲ್ಲ. ಆದರೆ ಬೇಕಾ ಅಂತ ಅವರನ್ನು ಸರಿಯಾಗಿ ಕೇಳಿದವರೂ ಕಡಿಮೆ.

ಬೆಡ್ ನಂಬರ್ ಗ್ರೂಪಿಗೆ ಬಂದಿತ್ತು

ಒಂದು ಕೇಸ್ ಬಗ್ಗೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಮೆಡಿಸಿನ್ ಪೋಸ್ಟಿಂಗ್ ನಡೆಯುತ್ತಿತ್ತು. ಬೆಳಗ್ಗೆಯೇ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಒಂದು ಬೆಡ್ ನಂಬರ್ ಬಂತು. ಫೀಮೇಲ್ ಮೆಡಿಕಲ್ ವಾರ್ಡ್, ಎಂಎಸ್, ಮರ್ಮರ್ ಚೆನ್ನಾಗಿ ಕೇಳುತ್ತದೆ, ಬೇರೆ ಕಡೆಗೆ ಕಳಿಸುವ ಮುಂಚೆ ಎಲ್ಲರೂ ಕೇಳಿಕೊಂಡುಬಿಡಿ ಅಂತ. ಎಂಎಸ್ ಅಂದರೆ ಮೈಟ್ರಲ್ ಸ್ಟೆನೋಸಿಸ್. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವ ಕವಾಟ ಕಿರಿದಾಗುವ ಕಾಯಿಲೆ. ಆ ಕಿರಿದಾದ ದಾರಿಯಲ್ಲಿ ರಕ್ತ ನುಗ್ಗುವಾಗ ಬರುವ ಸದ್ದೇ ಮರ್ಮರ್. ಆರೋಗ್ಯವಂತರಲ್ಲಿ ಈ ಕವಾಟ 4ರಿಂದ 6 ಚದರ ಸೆಂಟಿಮೀಟರ್‌ನಷ್ಟು ತೆರೆದುಕೊಳ್ಳುತ್ತದೆ. ಈಕೆಯ ಎಕೋ ರಿಪೋರ್ಟಿನಲ್ಲಿ ಅದು 1ಕ್ಕಿಂತ ಕಡಿಮೆ ಇತ್ತು. ವಯಸ್ಸು ಇಪ್ಪತ್ತರ ಮೇಲೆ ಸ್ವಲ್ಪ. ಶುಂಠಿ ಹೊಲದಲ್ಲಿ ಕೂಲಿ. ಐದು ತಿಂಗಳ ಬಸುರಿ. ಉಸಿರು ಕಟ್ಟಿ ರಾತ್ರಿಯೆಲ್ಲ ಕೂತೇ ಇರಬೇಕಾಗಿ ಬಂದಾಗ ಮನೆಯವರು ಕರೆತಂದಿದ್ದರು. ನಾವು ನೋಡುವ ಹೊತ್ತಿಗೆ ಔಷಧಿ ಕೊಟ್ಟು ಶ್ವಾಸಕೋಶದ ನೀರು ಇಳಿಸಿದ್ದರು. ಎರಡು ದಿಂಬು ಇಟ್ಟುಕೊಂಡು ಒರಗಿದ್ದಳು.

ಈ ಮರ್ಮರ್ ಕೇಳುವುದಕ್ಕೆ ಒಂದು ಕ್ರಮವಿದೆ. ಪೇಷೆಂಟನ್ನು ಎಡಕ್ಕೆ ಹೊರಳಿಸಬೇಕು. ಎದೆಬಡಿತ ಎಲ್ಲಿ ಬೆರಳಿಗೆ ಸಿಗುತ್ತದೋ ಅಲ್ಲಿ ಸ್ಟೆತಸ್ಕೋಪಿನ ಚಿಕ್ಕ ಬಾಯಿಯನ್ನು, ಅಂದರೆ ಬೆಲ್ ಅನ್ನು, ಒತ್ತದೆ ಇಡಬೇಕು. ಉಸಿರು ಪೂರ್ತಿ ಬಿಟ್ಟು ಹಿಡಿಯಲು ಹೇಳಬೇಕು. ಉಸಿರಾಟಕ್ಕೇ ಕಷ್ಟಪಡುವ ಹೆಂಗಸಿಗೆ ಉಸಿರು ಬಿಟ್ಟು ಹಿಡಿ ಅನ್ನುವುದು, ಅದೂ ಒಬ್ಬರಾದ ಮೇಲೆ ಒಬ್ಬರು. ನಮ್ಮ ಬ್ಯಾಚ್ ಬರುವ ಮುಂಚೆಯೇ ಸೀನಿಯರ್ ಬ್ಯಾಚ್ ಬಂದು ಹೋಗಿತ್ತು. ನಾವು ಹೋಗಿ ನಿಂತಾಗ ಯಾರೂ ಏನೂ ಹೇಳಲಿಲ್ಲ. ಬಿಳಿ ಏಪ್ರನ್ ಕಂಡದ್ದೇ ಆಕೆ ತಾನೇ ಎಡಕ್ಕೆ ಹೊರಳಿ, ನೈಟಿಯ ಗುಂಡಿ ಬಿಚ್ಚಿ, ಗೋಡೆ ನೋಡುತ್ತ ಮಲಗಿದಳು.

ಪುಸ್ತಕದಲ್ಲಿ ಈ ಕಾಯಿಲೆಯವರ ಕೆನ್ನೆ ಕೆಂಪಗೆ ಕಾಣುತ್ತದೆ ಅಂತ ಬರೆದಿರುತ್ತದೆ. ನಮ್ಮ ಸರ್ ಅದನ್ನು ಹುಡುಕಲು ಹೋಗಬೇಡಿ ಅಂದರು. ಆ ಸಾಲು ಬಿಳಿ ಚರ್ಮದವರನ್ನು ನೋಡಿ ಬರೆದದ್ದು, ನಮ್ಮ ಜನರ ಮುಖದಲ್ಲಿ ಅದು ಕಾಣುವುದಿಲ್ಲ. ಇನ್ನೊಂದು ಮಾತೂ ಹೇಳಿದರು. ಪಶ್ಚಿಮದ ದೇಶಗಳಲ್ಲಿ ಈ ಕಾಯಿಲೆ ಇಷ್ಟು ಬಿಗಿಯಾಗುವುದಕ್ಕೆ ಹತ್ತಾರು ವರ್ಷ ಹಿಡಿಯುತ್ತಿತ್ತು. ನಮ್ಮಲ್ಲಿ ಇಪ್ಪತ್ತು ವರ್ಷದೊಳಗಿನ ಮಕ್ಕಳಲ್ಲೇ ಕವಾಟ ಮುಚ್ಚಿಕೊಂಡಂತೆ ಆಗಿರುತ್ತದೆ. ಇದನ್ನು 1963ರಲ್ಲಿ ಸುಜೊಯ್ ರಾಯ್ ಮತ್ತು ಅವರ ಸಂಗಡಿಗರು ಭಾರತದ ಪೇಷೆಂಟುಗಳನ್ನೇ ನೋಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನನಗೆ ಇದು ತುಂಬಾ ಹಿಡಿಸಿತು. ಪುಸ್ತಕದ ಸಾಲನ್ನು ತಿದ್ದಿದ್ದು ಇಂಥದೇ ವಾರ್ಡುಗಳಲ್ಲಿ ಮಲಗಿದ್ದ ಬಡವರ ಮಕ್ಕಳು.

ಸ್ವಲ್ಪ ಓಡಾಡಿಸಿದರೆ, ಇಲ್ಲಾ ಎದ್ದು ಕೂರಿಸಿ ಮಲಗಿಸಿದರೆ ಈ ಮರ್ಮರ್ ಇನ್ನೂ ಜೋರಾಗಿ ಕೇಳುತ್ತದೆ. ಅದೂ ಪುಸ್ತಕದಲ್ಲಿದೆ. ಕೇಳಿಸದ ಒಬ್ಬ ಗೆಳೆಯ ಹಾಗೆ ಮಾಡಬಹುದಾ ಸರ್ ಅಂತ ಕೇಳಿದ. ಸರ್ ಒಂದೇ ಮಾತಿನಲ್ಲಿ ಮುಗಿಸಿದರು. "ಬೇಡ. ಕೇಳಿಸದಿದ್ರೆ ಕೇಳಿಸಲಿಲ್ಲ ಅಂತ ಬರ್ಕೊಳ್ಳಿ." ಇಷ್ಟು ವರ್ಷದಲ್ಲಿ ನಾನು ಕೇಳಿದ ದೊಡ್ಡ ಪಾಠಗಳಲ್ಲಿ ಇದೊಂದು.

ನನ್ನ ಸರದಿ ಬಂತು. ಬೆಲ್ ಅನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಇಟ್ಟೆ. ಮೊದಲು ಬರೀ ಬಡಿತ. ಲಬ್ ಎನ್ನುವ ಮೊದಲ ಸದ್ದು ತಟ್ಟಿದ ಹಾಗೆ ಗಟ್ಟಿಯಾಗಿತ್ತು. ಕಣ್ಣು ಮುಚ್ಚಿಕೊಂಡೆ. ಆಮೇಲೆ ಎರಡು ಬಡಿತದ ನಡುವಿನ ಖಾಲಿ ಜಾಗದಲ್ಲಿ, ಊರಾಚೆ ಟ್ರ್ಯಾಕ್ಟರ್ ಹೋಗುವಾಗ ಮನೆಯೊಳಗೆ ಕೂತವರಿಗೆ ಕೇಳುವಂಥ ಒಂದು ಗುರುಗುರು. ಕೇಳಿತು ಅನ್ನುವುದಕ್ಕಿಂತ ಕಿವಿಗೆ ಮುಟ್ಟಿತು ಅನ್ನಬೇಕು. ತಿಂಗಳುಗಟ್ಟಲೆ ಓದಿ ಬಾಯಿಪಾಠ ಮಾಡಿದ್ದ ಸಾಲು ಆ ಹೊತ್ತಿಗೆ ನಿಜವಾಯಿತು. ತುಂಬಾ ಖುಷಿಯಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ವೈದ್ಯಕೀಯ ಕಲಿಯುವವರಿಗೆ ಇಂಥ ಖುಷಿ ಇರಲೇಬೇಕು, ಇಲ್ಲದಿದ್ದರೆ ಈ ಓದು ಸಾಗುವುದಿಲ್ಲ. ಆದರೆ ನನಗೆ ಖುಷಿ ಕೊಟ್ಟ ಆ ಸದ್ದೇ ಆಕೆಯನ್ನು ರಾತ್ರಿ ಮಲಗಲು ಬಿಡದೆ ಕೂರಿಸಿದ್ದು. ಒಂದೇ ಸದ್ದು, ಕಿವಿಯಲ್ಲಿಟ್ಟುಕೊಂಡವರಿಗೆ ಒಂದು ಥರ, ಎದೆಯಲ್ಲಿಟ್ಟುಕೊಂಡವರಿಗೆ ಇನ್ನೊಂದು ಥರ.

ನಾನು ಸ್ಟೆತ್ ತೆಗೆದಾಗ ಆಕೆ ಮೊದಲ ಸಲ ನಮ್ಮ ಕಡೆ ತಿರುಗಿ ಮಾತಾಡಿದಳು.

"ಕೇಳ್ಸ್ತಾ ಮೇಡಂ?"

"ಕೇಳ್ಸ್ತು ಅಮ್ಮಾ."

"ಏನಂತ ಕೇಳ್ಸುತ್ತೆ? ಎಲ್ರೂ ಕೇಳ್ಕೊಂಡು ಹೋಯ್ತಾರೆ. ಏನಂತ ಯಾರೂ ಹೇಳಕಿಲ್ಲ."

ಅಷ್ಟರಲ್ಲಿ ಮುಂದಿನವರು ಬಂದರು. ಸಂಜೆ ಬಂದು ಹೇಳುತ್ತೇನೆ ಅಂದೆ.

ಕಾಗದದ ಸುರುಳಿ

ಸ್ಟೆತಸ್ಕೋಪ್ ಹುಟ್ಟಿದ ಕಥೆ ಓದಿದಾಗ ಇದೇ ದೃಶ್ಯ ಕಣ್ಣ ಮುಂದೆ ಬರುತ್ತದೆ. 1816ರಲ್ಲಿ ಪ್ಯಾರಿಸ್ಸಿನಲ್ಲಿ ರೆನೆ ಲೆನೆಕ್ ಎಂಬ ವೈದ್ಯರ ಮುಂದೆ ಹೃದಯದ ತೊಂದರೆ ಇದ್ದ ಒಬ್ಬ ಹರೆಯದ ಹೆಂಗಸು ಬಂದಳು. ಆಗೆಲ್ಲ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದರು. ಈಕೆ ಹರೆಯದವಳು, ಹಾಗೆ ಮಾಡುವುದು ಸರಿಯಲ್ಲ ಅಂತ ಲೆನೆಕ್ ಒಂದಷ್ಟು ಕಾಗದವನ್ನು ಬಿಗಿಯಾಗಿ ಸುತ್ತಿ, ಒಂದು ತುದಿ ಆಕೆಯ ಎದೆಗೆ, ಇನ್ನೊಂದು ತುದಿ ತಮ್ಮ ಕಿವಿಗೆ ಇಟ್ಟುಕೊಂಡರು. ಬರೀ ಕಿವಿಗಿಂತ ಚೆನ್ನಾಗಿ ಕೇಳಿಸಿತು. ಅಲ್ಲಿಂದ ನೆಕ್ಕರ್ ಆಸ್ಪತ್ರೆಯ ಪೇಷೆಂಟುಗಳನ್ನು ಒಬ್ಬೊಬ್ಬರಾಗಿ ಕೇಳಿ, ಸತ್ತವರ ದೇಹ ತೆರೆದು ಹೋಲಿಸಿ ನೋಡಿ, 1819ರಲ್ಲಿ ಪುಸ್ತಕ ಹೊರತಂದರು. ನಾವು ಇವತ್ತಿಗೂ ಬಳಸುವ ಎಷ್ಟೋ ಮಾತು ಅದರಿಂದ ಬಂದವು. ಆ ಕಾಲದ ಪ್ಯಾರಿಸ್ಸಿನಲ್ಲಿ ಉಳ್ಳವರು ವೈದ್ಯರನ್ನು ಮನೆಗೆ ಕರೆಸಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಬಂದು ಮಲಗುತ್ತಿದ್ದವರು ಬಡವರು. ಆ ಹೆಂಗಸಿನ ಹೆಸರನ್ನು ಲೆನೆಕ್ ತಮ್ಮ ಪುಸ್ತಕದಲ್ಲಿ ಹೇಳಿಲ್ಲ.

ಪೇಷೆಂಟಿನ ಹತ್ತಿರ ಹೋಗದೆ ಪುಸ್ತಕದಿಂದಲೇ ಕಲಿಯಬಹುದು ಅಂತ ನಾನು ಹೇಳುತ್ತಿಲ್ಲ. 1890ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಕ್ಲಾಸಿನಿಂದ ಎಬ್ಬಿಸಿ ವಾರ್ಡಿಗೆ ಕರೆತಂದರು. ತಾನು ಮಾಡಿದ ಕೆಲಸಗಳಲ್ಲಿ ಅದೇ ದೊಡ್ಡದು ಅಂತ ಅವರು ನಂಬಿದ್ದರು. ಅವರು ಸರಿ. ಇಸಿಜಿ ಕಾಗದದ ಮೇಲೆ ಕಲಿಯಬಹುದು, ಹೆದರಿದ ಮನುಷ್ಯನ ಬೆವರಿದ ಕೈಯನ್ನು ಕಾಗದದ ಮೇಲೆ ಕಲಿಯಲಾಗುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಕಲಿಯಲೇಬೇಕು ಅಂದ ಮೇಲೆ, ಕಲಿಸುವ ಭಾರ ಯಾಕೆ ಒಂದೇ ಕಡೆಯವರ ಮೇಲೆ ಬೀಳಬೇಕು? ಬಿದ್ದಾಗ ನಾವು ಅವರಿಗೆ ಏನು ಕೊಡುತ್ತಿದ್ದೇವೆ?

ಸಂಜೆ ಐದರ ಮೇಲೆ

ಸಂಜೆ ಹೋದೆ. ವಾರ್ಡಿನಲ್ಲಿ ಆ ಹೊತ್ತು ಬೇರೆ ಥರ ಇರುತ್ತದೆ. ರೌಂಡ್ಸ್ ಗದ್ದಲವಿಲ್ಲ, ಸಿಸ್ಟರ್‌ಗಳು ಇಂಜೆಕ್ಷನ್ ಟ್ರೇ ಹಿಡಿದು ನಿಧಾನಕ್ಕೆ ಬರುತ್ತಿರುತ್ತಾರೆ. ಆಕೆಯ ಅತ್ತೆ ಬಿಸಿನೀರು ತರಲು ಕ್ಯಾಂಟೀನಿಗೆ ಹೋಗಿದ್ದರು. ಸ್ಟೂಲ್ ಎಳೆದುಕೊಂಡು ಕೂತು, ನೋಟ್‌ಬುಕ್ಕಿನಲ್ಲಿ ಹೃದಯದ ನಾಲ್ಕು ಕೋಣೆ ಬರೆದು ತೋರಿಸಿದೆ. ಇಲ್ಲಿ ಕಿರಿದಾಗಿದೆ, ರಕ್ತ ಕೆಳಗೆ ಇಳಿಯಲಾರದೆ ಹಿಂದಕ್ಕೆ ಶ್ವಾಸಕೋಶದ ಕಡೆ ಒತ್ತುತ್ತದೆ, ಅದಕ್ಕೇ ಉಸಿರು ಕಟ್ಟುತ್ತದೆ. ಬಸುರಿಯಾದಾಗ ಮೈಯಲ್ಲಿ ರಕ್ತ ಸುಮಾರು ಅರ್ಧದಷ್ಟು ಜಾಸ್ತಿಯಾಗುತ್ತದೆ, ಬಡಿತವೂ ಜೋರಾಗುತ್ತದೆ. ಬಡಿತ ಜೋರಾದಷ್ಟೂ ರಕ್ತ ಇಳಿಯಲು ಸಮಯ ಕಡಿಮೆ. ಅದಕ್ಕೇ ಇಷ್ಟು ವರ್ಷ ಇಲ್ಲದ್ದು ಈಗ ಬಂತು. ಆಕೆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಬಸುರಿ ಅಂದ ಮೇಲೆ ಏದುಸಿರು ಇರೋದೇ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರಂತೆ, ಆಕೆಯೂ ಹಾಗೇ ಅಂದುಕೊಂಡಿದ್ದಳಂತೆ.

ಕೇಸ್ ಶೀಟಿನಲ್ಲಿ ಹಳೆಯ ವಿವರ ಒಂದೇ ಸಾಲಿನಲ್ಲಿತ್ತು. ಚಿಕ್ಕ ವಯಸ್ಸಿನಿಂದ ರುಮ್ಯಾಟಿಕ್ ಹೃದಯ ಕಾಯಿಲೆ ಇದೆ, ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಿದ್ದಾರೆ ಅಂತ. ಯಾಕೆ ನಿಲ್ಲಿಸಿದಿರಿ ಅಂತ ನಾನು ಕೇಳಲಿಲ್ಲ. ಇಂಜೆಕ್ಷನ್ ಯಾವಾಗ ಶುರುವಾಯಿತು ಅಂತ ಕೇಳಿದೆ. ಆಮೇಲೆ ಆಕೆಯೇ ಹೇಳುತ್ತ ಹೋದಳು. ಐದನೇ ಕ್ಲಾಸಿನಲ್ಲಿ ಜ್ವರ. ಒಂದು ಮಂಡಿ ಊದಿಕೊಂಡಿತು, ಅದು ಇಳಿಯುವಷ್ಟರಲ್ಲಿ ಇನ್ನೊಂದು. ದೊಡ್ಡಾಸ್ಪತ್ರೆಯಲ್ಲಿ ಹೃದಯಕ್ಕೆ ತಾಗಿದೆ ಅಂದರು. ಅಲ್ಲಿಂದ 21 ದಿನಕ್ಕೊಂದು ಇಂಜೆಕ್ಷನ್. ಸೊಂಟಕ್ಕೆ ಕೊಡುವ ಆ ಇಂಜೆಕ್ಷನ್ ಎಷ್ಟು ನೋಯುತ್ತದೆ ಅಂದರೆ ಅವತ್ತು ಅವರಪ್ಪ ಹೆಗಲ ಮೇಲೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರಂತೆ. ಮದುವೆಯವರೆಗೂ ತಪ್ಪಿಸಲಿಲ್ಲ.

"ಆಮೇಲೆ ನಮ್ಮವ್ವ ಹೇಳ್ತು ಅಕ್ಕ. ಅಲ್ಲಿ ಬಾಯಿ ಬಿಡಬ್ಯಾಡ, ಎದೆ ಕಾಯಿಲೆ ಐತೆ ಅಂತ ಗೊತ್ತಾದ್ರೆ ವಾಪಸ್ ಕಳುಸ್ತಾರೆ ಅಂತ. ಇಂಜೆಕ್ಷನ್‌ಗೆ ಹೋದ್ರೆ ಗೊತ್ತಾಗ್ದೆ ಇರ್ತದಾ? ಮಂಡಿ ನೋವು ಹೋಗಿತ್ತಲ್ಲ, ಇನ್ಯಾಕೆ ಅಂದ್ಕೊಂಡೆ."

ಆ ಕೊನೆಯ ಮಾತು ಕೇಳಿ ನಾನು ಸುಮ್ಮನಾದೆ. ಹತ್ತು ವರ್ಷ ಸೂಜಿ ಚುಚ್ಚಿಸಿಕೊಂಡವಳಿಗೆ ಅದು ಯಾಕೆ ಅಂತ ಗೊತ್ತಿರಲಿಲ್ಲ. ಆ ಇಂಜೆಕ್ಷನ್ ಮಂಡಿ ನೋವಿಗೆ ಕೊಡುವುದಲ್ಲ. ಗಂಟಲಿಗೆ ಬರುವ ಒಂದು ಬ್ಯಾಕ್ಟೀರಿಯಾ ಮತ್ತೆ ಮತ್ತೆ ಬರದಂತೆ ತಡೆಯುವುದಕ್ಕೆ. ಆ ಸೋಂಕು ಪ್ರತಿ ಸಲ ಬಂದಾಗಲೂ, ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಹೃದಯದ ಕವಾಟವನ್ನೂ ಕೆಡಿಸಬಹುದು. ಕೆಟ್ಟದ್ದನ್ನು ಪೆನಿಸಿಲಿನ್ ಸರಿಮಾಡುವುದಿಲ್ಲ, ಇನ್ನಷ್ಟು ಕೆಡದಂತೆ ಕಾಯುತ್ತದೆ. ಇಷ್ಟನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಓಪಿಡಿ ಸಾಲು ನೋಡಿದವರಿಗೆ ಆ ಹತ್ತು ನಿಮಿಷ ಯಾಕೆ ಸಿಗುವುದಿಲ್ಲ ಅಂತ ಗೊತ್ತು. ಪಿಜಿಗಳು ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆಯಿಲ್ಲದೆ ಬೆಳಗಿನ ರೌಂಡ್ಸ್‌ಗೆ ನಿಂತಿರುತ್ತಾರೆ. ಇಡೀ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಇರುವುದು ನಮ್ಮ ಹತ್ತಿರ ಮಾತ್ರ. ಔಷಧಿ ಬರೆಯುವ ಅಧಿಕಾರ ನಮಗಿಲ್ಲ, ಡ್ರಿಪ್ ಹಾಕುವಂತಿಲ್ಲ, ಡಿಸ್ಚಾರ್ಜ್ ಮಾಡುವಂತಿಲ್ಲ. ಕೂತು ಕೇಳಬಹುದು, ಗೊತ್ತಿರುವುದನ್ನು ಹೇಳಬಹುದು. ಆಕೆ ನಮಗೆ ಕೊಟ್ಟದ್ದಕ್ಕೆ ಬದಲಾಗಿ ಕೊಡಲು ನಮ್ಮ ಹತ್ತಿರ ಇದ್ದದ್ದು ಇದೊಂದೇ, ಮತ್ತು ಇದು ಸಣ್ಣದಲ್ಲ.

ಎಲ್ಲರ ಮುಂದೆ

ಮರುದಿನ ಬೆಳಗ್ಗೆ ಆ ಕೇಸ್ ಪ್ರೆಸೆಂಟ್ ಮಾಡುವ ಸರದಿ ನನ್ನದು. ಪ್ರೆಸೆಂಟೇಷನ್ ಹೇಗೆ ನಡೆಯುತ್ತದೆ ಅಂತ ಓದುವವರಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಬೆಡ್ ಸುತ್ತ ಹದಿನೈದು ಇಪ್ಪತ್ತು ಜನ ನಿಲ್ಲುತ್ತೇವೆ. ಒಬ್ಬರು ಇಂಗ್ಲಿಷಿನಲ್ಲಿ ಇಡೀ ಕಥೆ ಹೇಳುತ್ತಾರೆ. ಯಾರ ಕಥೆಯೋ ಅವರು ನಡುವೆ ಮಲಗಿ ನಮ್ಮ ಮುಖ ನೋಡುತ್ತಿರುತ್ತಾರೆ. ಪಕ್ಕದಲ್ಲಿ ಮನೆಯವರು ನಿಂತಿರುತ್ತಾರೆ. ಇಂಗ್ಲಿಷ್ ಬಾರದಿದ್ದರೂ ಮ್ಯಾರೇಜ್, ಹಸ್ಬೆಂಡ್, ಹಾರ್ಟ್ ಎಲ್ಲರಿಗೂ ಗೊತ್ತಿರುವ ಮಾತು. ಅವತ್ತು ಪಕ್ಕದಲ್ಲಿ ನಿಂತಿದ್ದವರು ಅತ್ತೆ.

ಹಿಸ್ಟರಿ, ಅಂದರೆ ಪೇಷೆಂಟು ಹೇಳಿದ ಕಾಯಿಲೆಯ ಕಥೆ, ಪೂರ್ತಿ ಹೇಳಿದವರಿಗೆ ಒಳ್ಳೆಯ ಮಾರ್ಕು. ಆದರೆ ಆಕೆ ಸಂಜೆ ನನ್ನನ್ನು ಅಕ್ಕ ಅಂತ ಕರೆದು ಹೇಳಿದ್ದು ಹಿಸ್ಟರಿ ಅಂತ ಹೇಳಿದ್ದಲ್ಲ. ಬೆಳಗ್ಗೆ ಬೇಗ ಹೋಗಿ, ಇದನ್ನು ನಿಮ್ಮ ಡಾಕ್ಟರಿಗೆ ಮಾತ್ರ ಹೇಳಲಾ ಅಂತ ಆಕೆಯನ್ನು ಕೇಳಿದೆ. ಹೂಂ ಅಂದಳು. ಯೂನಿಟ್ಟಿನ ಪಿಜಿ ಅಕ್ಕನಿಗೆ ಡ್ಯೂಟಿ ರೂಮಿನಲ್ಲಿ ಹೇಳಿದೆ. ಪ್ರೆಸೆಂಟೇಷನ್‌ನಲ್ಲಿ ಇಂಜೆಕ್ಷನ್ ನಿಂತು ಇಷ್ಟು ವರ್ಷವಾಯಿತು ಅಂತಷ್ಟೇ ಹೇಳಿ ಮುಂದಕ್ಕೆ ಹೋದೆ. ಸರ್ ತಡೆದು ಯಾಕೆ ನಿಂತಿತು ಅಂತ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಹೊರಗೆ ಹೇಳುತ್ತೇನೆ ಸರ್ ಅಂದೆ. ಅವರು ಒಂದು ಸಲ ಬೆಡ್ ಪಕ್ಕದಲ್ಲಿದ್ದವರ ಕಡೆ ನೋಡಿ, ಸರಿ, ಎಕ್ಸಾಮಿನೇಷನ್‌ಗೆ ಬಾ ಅಂದರು.

ಮಧ್ಯಾಹ್ನ ಪಿಜಿ ಅಕ್ಕ ಆಕೆಯ ಒಪ್ಪಿಗೆ ಪಡೆದು ಗಂಡನನ್ನು ಕರೆಸಿ ಮಾತಾಡಿದರು. ಆಕೆಯೂ ಜೊತೆಗೇ ಇದ್ದಳು. ಚಿಕ್ಕಂದಿನಲ್ಲಿ ಬಂದ ಕಾಯಿಲೆ, ಆಕೆಯ ತಪ್ಪಿಲ್ಲ, ಚಿಕಿತ್ಸೆ ಇದೆ ಅಂತ ಹೇಳಿದರು. ಅವನು ಹೊಲದಿಂದ ನೇರ ಬಂದಿದ್ದ, ಪ್ಯಾಂಟಿನ ಅಂಚಿಗೆ ಮಣ್ಣು ಹತ್ತಿತ್ತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಈಗ ಏನು ಮಾಡ್ಬೇಕು ಮೇಡಂ?" ಅಂದ. ಅದಕ್ಕೆ ಉತ್ತರ ಇತ್ತು. ತೊಡೆಸಂದಿಯ ರಕ್ತನಾಳದ ಮೂಲಕ ಹೃದಯಕ್ಕೆ ಒಂದು ಬಲೂನು ಕಳಿಸಿ, ಉಬ್ಬಿಸಿ, ಅಂಟಿಕೊಂಡ ಕವಾಟವನ್ನು ಬಿಡಿಸುತ್ತಾರೆ. ಜಪಾನಿನ ಕಾಂಜಿ ಇನೋವೆ 1980ರ ದಶಕದ ಮೊದಲಲ್ಲಿ ತಂದ ವಿಧಾನ. ಎದೆ ಸೀಳಬೇಕಿಲ್ಲ. ಬಸುರಿಯರಿಗೂ ಹೊಟ್ಟೆಗೆ ಎಕ್ಸ್-ರೇ ತಾಗದಂತೆ ಮರೆ ಮಾಡಿ ಮಾಡುತ್ತಾರೆ. ಆಕೆಯನ್ನು ಮೈಸೂರಿನ ಜಯದೇವಕ್ಕೆ ಕಳಿಸಿದರು. ಬಲೂನು ಹಾಕಿದ್ದು ಒಳ್ಳೆಯದಾಯಿತು, ಹೆರಿಗೆಯೂ ಸಲೀಸಾಗಿ ಆಯಿತು ಅಂತ ತಿಂಗಳುಗಳ ಮೇಲೆ ಪಿಜಿ ಅಕ್ಕನಿಂದ ಗೊತ್ತಾಯಿತು. ಇಂಜೆಕ್ಷನ್ ಮತ್ತೆ ಶುರುವಾಗಿದೆ, ಊರ ಹತ್ತಿರದ ಪಿಎಚ್‌ಸಿಯಲ್ಲಿ, ಈ ಸಲ ಗಂಡನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ.

ನಾನು ಸಂಜೆ ಹೋಗಿ ಕೂರದಿದ್ದರೂ ಬಲೂನು ಹಾಕುತ್ತಿದ್ದರು. ಔಷಧಿಯೂ ಅದೇ ಇರುತ್ತಿತ್ತು. ಅದರ ಬಗ್ಗೆ ನನಗೆ ಭ್ರಮೆಯಿಲ್ಲ. ಆದರೆ ಬಲೂನು ಹಾಕಿದ ಮೇಲೂ ಮುಂದಿನ ಎಷ್ಟೋ ವರ್ಷ ಇಂಜೆಕ್ಷನ್ ಬೇಕು. ಯಾಕೆ ನಿಂತಿತು ಅಂತ ಗೊತ್ತಿಲ್ಲದೆ ಮತ್ತೆ ಬರೆದುಕೊಟ್ಟಿದ್ದರೆ ಅದು ಮತ್ತೆ ನಿಲ್ಲುತ್ತಿತ್ತು.

2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಪೇಷೆಂಟಿನ ಜೊತೆ ಹೇಗೆ ಮಾತಾಡಬೇಕು, ಒಪ್ಪಿಗೆ ಹೇಗೆ ಕೇಳಬೇಕು ಅಂತ ಕ್ಲಾಸುಗಳಿವೆ. ಒಳ್ಳೆಯ ಕ್ಲಾಸುಗಳು. ನಾವೇ ಪೇಷೆಂಟು, ನಾವೇ ಡಾಕ್ಟರು ಆಗಿ ಅಭಿನಯಿಸಿ ಕಲಿಯುತ್ತೇವೆ. ಆದರೆ ವಾರ್ಡಿಗೆ ಬಂದಾಗ ನೋಡುವುದು ಲಾಗ್‌ಬುಕ್. ಯಾವ ಕೇಸ್ ನೋಡಿದೆ, ಏನು ಫೈಂಡಿಂಗ್ಸ್, ಅಂದರೆ ಮೈಯಲ್ಲಿ ಕಾಯಿಲೆಯ ಯಾವ ಗುರುತು ಸಿಕ್ಕಿತು, ಅದಕ್ಕೆ ಸಹಿ. ಆ ಪೇಷೆಂಟಿಗೆ ಅವರ ಕಾಯಿಲೆ ಏನು ಅಂತ ಹೇಳಿದೆಯಾ ಅನ್ನುವುದಕ್ಕೆ ಅಲ್ಲಿ ಒಂದು ಕಾಲಂ ಇದ್ದರೆ ಎಷ್ಟು ಬದಲಾಗಬಹುದು! ಸ್ಕಿಲ್ ಲ್ಯಾಬಿನಲ್ಲಿ ಈಗ ಹೃದಯದ ಸದ್ದು ಕೇಳಿಸುವ ಗೊಂಬೆಗಳಿವೆ. ಮರ್ಮರ್ ಅಂದರೆ ಹೇಗಿರುತ್ತದೆ ಅಂತ ಕಿವಿಯನ್ನು ಮೊದಲು ಅಲ್ಲಿ ಪಳಗಿಸಿಕೊಂಡು ಬಂದರೆ ಬೆಡ್ ಪಕ್ಕದಲ್ಲಿ ಅರ್ಧ ನಿಮಿಷ ಸಾಕು. ಒಬ್ಬ ಪೇಷೆಂಟನ್ನು ಒಂದು ದಿನಕ್ಕೆ ಐದಾರು ಜನಕ್ಕಿಂತ ಜಾಸ್ತಿ ನೋಡಬಾರದು ಅಂತ ನಮ್ಮ ಬ್ಯಾಚಿನಲ್ಲಿ ನಾವೇ ಮಾತಾಡಿಕೊಂಡಿದ್ದೇವೆ. ಇದನ್ನು ಎಲ್ಲ ಬ್ಯಾಚಿಗೂ ಅನ್ವಯಿಸುವಂತೆ ಮೇಲಿನವರೇ ಮಾಡಬೇಕು. ಸ್ಪೆಷಲ್ ವಾರ್ಡಿನವರನ್ನೂ ಕೇಳಬೇಕು. ಕೆಲವರು ಒಪ್ಪುವುದಿಲ್ಲ, ಸರಿ. ಆದರೆ ಕೇಳದೆಯೇ ಅವರು ಒಪ್ಪುವುದಿಲ್ಲ ಅಂತ, ಇವರು ಒಪ್ಪುತ್ತಾರೆ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ.

ಕೇಳಿದರೆ ಎಲ್ಲರೂ ಬೇಡ ಅಂದುಬಿಡುತ್ತಾರೆ ಅನ್ನುವ ಹೆದರಿಕೆ ಬೇಡ. ನಾನು ಕಂಡಂತೆ ತುಂಬಾ ಜನ ಒಪ್ಪುತ್ತಾರೆ, ಕೇಳಿದ್ದಕ್ಕೇ ಮುಖ ಅರಳಿಸುತ್ತಾರೆ. ಒಬ್ಬ ಅಜ್ಜಿ ಮಾತ್ರ "ಬ್ಯಾಡ ಕಣವ್ವ, ಬೆಳಗ್ಗಿಂದ ನಾಲ್ಕು ಜನ ಆಯ್ತು, ಮೈಯೆಲ್ಲ ನೋಯ್ತದೆ" ಅಂದರು. ಸರಿ ಅಜ್ಜಿ ಅಂತ ಹೊರಟೆ. ಹಿಂದಿನಿಂದ ಕರೆದು, ನಾಳೆ ಬಾ ಅಂದರು.

ಪರೀಕ್ಷೆಗೆ ಬರುವ ಪೇಷೆಂಟು

ಫೈನಲ್ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಹಳೆಯ ಪೇಷೆಂಟುಗಳಿಗೆ ಫೋನ್ ಹೋಗುತ್ತದೆ. ಹಲವು ವರ್ಷದಿಂದ ಒಂದೇ ಫೈಂಡಿಂಗ್ ಇಟ್ಟುಕೊಂಡಿರುವವರು ಇವರು. ಬಂದು ವಾರ್ಡಿನಲ್ಲಿ ಉಳಿಯುತ್ತಾರೆ. ಊಟ ಸಿಗುತ್ತದೆ, ಬಸ್ ಚಾರ್ಜ್ ಅಂತ ಒಂದಿಷ್ಟು ದುಡ್ಡೂ ಸಿಗುತ್ತದೆ. ಹೋದ ವರ್ಷ ಸೀನಿಯರ್‌ಗಳ ಪರೀಕ್ಷೆಗೆ ಬಂದಿದ್ದ ಒಬ್ಬರನ್ನು ನಾನು ಮಾತಾಡಿಸಿದ್ದೆ. ವಯಸ್ಸು ಅರವತ್ತರ ಹತ್ತಿರ, ಗುಲ್ಮ ಅಂದರೆ ಸ್ಪ್ಲೀನ್ ಹೊಕ್ಕುಳವರೆಗೂ ದೊಡ್ಡದಾಗಿತ್ತು. ಮುಟ್ಟಿ ನೋಡಬಹುದಾ ಅಂತ ಕೇಳಿದೆ. ಮಲಗಿ ಮಂಡಿ ಮಡಿಸಿದರು. ನಾನು ಕೈ ಇಡುವ ಮುಂಚೆಯೇ "ಬಲಗಡೆ ಕೆಳಗಿಂದ ಶುರು ಮಾಡು ಮಗಾ, ಉಸ್ರು ಎಳ್ಕೊಂಡಾಗ ಮೇಲಕ್ಕೆ ಬಾ" ಅಂದರು. ಅದೇ ಸರಿಯಾದ ಕ್ರಮ. ತುಂಬಾ ದೊಡ್ಡದಾದ ಸ್ಪ್ಲೀನನ್ನು ಪಕ್ಕೆಲುಬಿನ ಹತ್ತಿರವೇ ಹುಡುಕಲು ಹೋದರೆ ಅದರ ಅಂಚು ತಪ್ಪಿಹೋಗುತ್ತದೆ. ಎಷ್ಟೋ ಬ್ಯಾಚಿಗೆ ಇವರು ಇದನ್ನು ಹೇಳಿಕೊಟ್ಟಿದ್ದಾರೆ. ಪಾಠ ಮಾಡುವವರ ಗಾಂಭೀರ್ಯ ಅವರ ಮುಖದಲ್ಲಿತ್ತು, ಮತ್ತು ಅದು ಅವರಿಗೆ ಸಲ್ಲಬೇಕಾದ ಗಾಂಭೀರ್ಯವೇ.

ಎದ್ದು ಕೂತ ಮೇಲೆ ಅವರು ಕೇಳಿದರು. "ವರ್ಷಾವರ್ಷ ಇಷ್ಟು ಜನ ನನ್ ಹೊಟ್ಟೆ ಮುಟ್ಟಿ ಪಾಸಾಗ್ತಾರಲ್ಲ, ಒಬ್ರಾದ್ರೂ ನಮ್ಮೂರ ಆಸ್ಪತ್ರೆಗೆ ಬಂದವ್ರಾ?"

ಓದು ಮುಗಿಸಿದ ಡಾಕ್ಟರುಗಳು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ಕರ್ನಾಟಕದಲ್ಲಿ 2012ರಲ್ಲಿ ಕಾಯ್ದೆ ಬಂತು, ಆಮೇಲೆ ತಿದ್ದುಪಡಿಗಳೂ ಆದವು. ನಮ್ಮ ಹಾಸ್ಟೆಲ್ಲಿನಲ್ಲಿ ಆ ಒಂದು ವರ್ಷದ ಮಾತು ಬಂದರೆ ನೀಟ್ ಪಿಜಿ ಓದಿಗೆ ಎಷ್ಟು ಸಮಯ ಸಿಗುತ್ತದೆ ಅನ್ನುವುದೇ ಚರ್ಚೆ. ಅದು ತಪ್ಪು ಅಂತ ಹೇಳುವಷ್ಟು ನಾನು ಬೇರೆಯವಳಲ್ಲ, ಪಿಜಿ ಸೀಟು ನನಗೂ ಬೇಕು. ಆದರೂ ಆ ವರ್ಷವನ್ನು ನಾನು ಇಂಥದೊಂದು ಊರಿನ ಪಿಎಚ್‌ಸಿಯಲ್ಲಿ ಕಳೆಯಬೇಕು ಅಂತ ತೀರ್ಮಾನ ಮಾಡಿದ್ದೇನೆ. 21 ದಿನದ ಇಂಜೆಕ್ಷನ್ ತಪ್ಪಿಸಿದವರ ಪಟ್ಟಿ ಮಾಡಿ, ಯಾಕೆ ತಪ್ಪಿಸಿದರು ಅಂತ ಮನೆಗೆ ಹೋಗಿ ಕೇಳುವ ಕೆಲಸ ಅಲ್ಲಿ ಮಾಡಬಹುದು. ಅಪ್ಪ ಅಮ್ಮನಿಗೆ ಹೇಳಿದ್ದೇನೆ. ಅಪ್ಪ ಒಪ್ಪಿದ್ದಾರೆ, ಅಮ್ಮ ಇನ್ನೂ ಯೋಚನೆ ಮಾಡುತ್ತಿದ್ದಾರೆ.

ಅಷ್ಟರೊಳಗೆ ನನ್ನದೇ ಪರೀಕ್ಷೆ ಬರುತ್ತದೆ. ಆ ಅಜ್ಜ ಈ ಸಲವೂ ಬರಬಹುದು. ಪರೀಕ್ಷೆ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನದ ಕೂಲಿ ಅವರಿಗೆ ಹೋಗುತ್ತದೆ. ಪರೀಕ್ಷಕರಿಗೆ ಭತ್ಯೆ ಇದೆ, ಪ್ರಶ್ನೆಪತ್ರಿಕೆ ಮಾಡಿದವರಿಗೆ ಸಂಭಾವನೆ ಇದೆ. ಪೇಷೆಂಟಿಗೆ ಕೊಡುವುದು ಮಾತ್ರ ಯಾರ ಜೇಬಿನಿಂದಲೋ ತೆಗೆದು ಕೈಗಿಡುವ ಕಾಸಾಗಿ ಉಳಿಯಬಾರದು. ಅವರ ದಿನಗೂಲಿಯನ್ನು ಲೆಕ್ಕಹಾಕಿ, ರಸೀದಿ ಬರೆದು, ಪರೀಕ್ಷೆಯ ಖರ್ಚಿನಲ್ಲೇ ಸೇರಿಸಿ ಕೊಡಬೇಕು. ಅದಕ್ಕೆ ನಮ್ಮ ಪರೀಕ್ಷಾ ಶುಲ್ಕ ಸ್ವಲ್ಪ ಜಾಸ್ತಿಯಾದರೆ ಆಗಲಿ, ನಾವು ಕಟ್ಟುತ್ತೇವೆ.